ಕಾರವಾರದ ಮಳೆಗಾಲ ಮತ್ತು ಟ್ರಸ್ ರಾಡ್: ಗಿಟಾರ್ ಕೆಲಸ ಎಲ್ಲಿಗೆ ಬಂತು

ಆಗಸ್ಟ್ ಕೊನೆ

ಅಕ್ಕನ ಮಗಳ ಅಕೂಸ್ಟಿಕ್ ಗಿಟಾರ್ ಈಗ ನನ್ನ ಮೇಜಿನ ಮೇಲಿದೆ. "ಮಾಮಾ, ಎಫ್ ಹಿಡಿದ್ರೆ ಬೆರಳು ಕಿತ್ತು ಬರ್ತದೆ" ಅನ್ನುವುದು ಅವಳ ದೂರು (ಎಫ್ ಒಂದು ಕಾರ್ಡ್, ಅಂದರೆ ಸ್ವರಗುಚ್ಛ). ಹನ್ನೆರಡನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ದಪ್ಪ ತಂತಿ 3.4 ಮಿ.ಮೀ. ಎತ್ತರದಲ್ಲಿದೆ, 2.4 ಇದ್ದರೆ ಚೆನ್ನ. ಇಷ್ಟು ಎತ್ತರ ಕಂಡರೆ ಯಾರೇ ಆದರೂ "ನೆಕ್ ಬಾಗಿದೆ, ರಾಡ್ ಬಿಗಿ ಮಾಡಿ" ಅನ್ನುತ್ತಾರೆ. ರಾಡ್ ಅಂದರೆ ನೆಕ್ ಒಳಗಿನ ಉಕ್ಕಿನ ಸರಳು, ಟ್ರಸ್ ರಾಡ್; ಅದನ್ನು ತಿರುಗಿಸುವುದು ಅಲೆನ್ ಕೀಯಿಂದ. ಅಳೆಯದೆ ಅಲೆನ್ ಕೀ ಮುಟ್ಟಲೇಬಾರದು, ನಮ್ಮ ಕರಾವಳಿಯಲ್ಲಂತೂ ಖಂಡಿತ ಕೂಡದು.

ಅಳೆಯಲು ಬೇಕಾದ ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಬ್ಲೇಡ್‌ಗಳ ಗೊಂಚಲು) ಕೋಡಿಬಾಗದ ಬೈಕ್ ಗ್ಯಾರೇಜಿನಲ್ಲಿ ಸಿಕ್ಕಿತು. ಟ್ಯಾಪೆಟ್ ಸೆಟ್ ಮಾಡಲು ಅವರು ಇಟ್ಟುಕೊಳ್ಳುವುದೇ ಇಲ್ಲಿಗೂ ಸಾಕು. ಮೊದಲ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಬಾಡಿಗೆ ಸೇರುವ ಹದಿನಾಲ್ಕನೇ ಫ್ರೆಟ್‌ನಲ್ಲಿ ದಪ್ಪ ತಂತಿಯನ್ನು ಒತ್ತಿ ಹಿಡಿದರೆ, ಬಿಗಿದ ಆ ತಂತಿಯೇ ನೇರ ಪಟ್ಟಿಯ ಕೆಲಸ ಮಾಡುತ್ತದೆ. ಏಳನೇ ಫ್ರೆಟ್ ಹತ್ತಿರ ಫ್ರೆಟ್ ತಲೆಗೂ ತಂತಿಗೂ ನಡುವೆ ಎಷ್ಟು ಸಂದಿ ಇದೆಯೋ ಅದೇ ರಿಲೀಫ್, ಅಂದರೆ ನೆಕ್‌ನ ಬಾಗು. 0.40ರ ಬ್ಲೇಡ್ ಸಲೀಸಾಗಿ ಹೋಯಿತು. 0.45 ಹಾಕಿದಾಗ ತಂತಿ ಕೂದಲೆಳೆಯಷ್ಟು ಮೇಲೆದ್ದಿತು. ಸ್ಟೀಲ್ ತಂತಿಗೆ 0.20ರಿಂದ 0.30 ಇದ್ದರೆ ಸರಿ.

ಆದರೆ ನೆಕ್ ಒಂದೇ ಕಾರಣವಲ್ಲ. ಬ್ರಿಡ್ಜ್ (ತಂತಿಗಳನ್ನು ಹಲಗೆಗೆ ಹಿಡಿದಿಡುವ ಮರದ ತುಂಡು) ಹಿಂದೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿದರೆ ಮೇಲಿನ ಹಲಗೆ ಉಬ್ಬಿದೆ. ಗಿಟಾರ್ ತಯಾರಕರು ಹೇಳುವ ತೇವಾಂಶ 45ರಿಂದ 55 ಶೇಕಡಾ. ಮಳೆಗಾಲದ ಕಾರವಾರದಲ್ಲಿ ಅದು ಎಲ್ಲಿಂದ ಬರಬೇಕು? ಹಲಗೆ ನೀರು ಹೀರಿ ಉಬ್ಬಿದಾಗ ಬ್ರಿಡ್ಜ್ ಮೇಲೇರುತ್ತದೆ, ಜೊತೆಗೆ ತಂತಿಯೂ. ಇದನ್ನು ರಾಡ್ ತಿರುಗಿಸಿ ಸರಿಪಡಿಸಲು ಹೊರಟರೆ, ಹಲಗೆ ಇಳಿಯುವ ಹೊತ್ತಿಗೆ ತಂತಿಯೆಲ್ಲ ಫ್ರೆಟ್‌ಗೆ ಬಡಿಯುತ್ತದೆ. ಹಾಗಾಗಿ ಸಿಲಿಕಾ ಜೆಲ್ ಜೊತೆ ಕೇಸಿಗೆ ಹಾಕಿ ಮುಚ್ಚಿಟ್ಟೆ.

ಅಕ್ಟೋಬರ್

ಮಳೆ ಹಿಂದೆ ಸರಿದಿದೆ. ಉಬ್ಬು ಸ್ವಲ್ಪ ಇಳಿದಿದೆ, ತಂತಿಯ ಎತ್ತರ ಈಗ 3.1. ರಿಲೀಫ್ ಮಾತ್ರ 0.40 ಬಿಟ್ಟು ಕದಲಿಲ್ಲ. ಇದು ನೆಕ್‌ನದೇ ಬಾಗು ಅಂತ ಖಾತ್ರಿಯಾದ ಮೇಲೆ ಕೀ ಕೈಗೆತ್ತಿಕೊಂಡೆ.

12ರ ಸೆಟ್‌ನ (ಅತಿ ತೆಳು ತಂತಿ 0.012 ಇಂಚು) ಆರು ತಂತಿಗಳು ಸೇರಿ 70 ಕಿಲೋಗೂ ಹೆಚ್ಚು ಬಲದಿಂದ ನೆಕ್ಕನ್ನು ಮುಂದಕ್ಕೆ ಎಳೆಯುತ್ತವೆ. ಒಳಗಿನ ಉಕ್ಕಿನ ಸರಳು ಅದಕ್ಕೆ ಎದುರಾಗಿ ಹಿಂದಕ್ಕೆ ಎಳೆಯುತ್ತದೆ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂಗೆ ಇಂಥ ಸರಳಿಗೆ ಪೇಟೆಂಟ್ ಸಿಕ್ಕಿದ್ದು 1923ರಲ್ಲಿ. ನೂರು ವರ್ಷವಾದರೂ ಅದೇ ಉಪಾಯ ಎಲ್ಲ ಕಡೆ ನಡೆಯುತ್ತಿದೆ ಅಂದರೆ ನನಗೆ ನಿಜಕ್ಕೂ ಗೌರವ ಹುಟ್ಟುತ್ತದೆ.

ಇದರ ನಟ್ ಸೌಂಡ್‌ಹೋಲ್ ಒಳಗಿದೆ. ಟಾರ್ಚ್ ಹಾಕಿ, ಉದ್ದ ಹಿಡಿಯ 5 ಮಿ.ಮೀ. ಅಲೆನ್ ಕೀಯನ್ನು ತಳ ಮುಟ್ಟುವವರೆಗೆ ಕೂರಿಸಬೇಕು. ಅರ್ಧಂಬರ್ಧ ಕೂತ ಕೀ ನಟ್‌ನ ಮೂಲೆಗಳನ್ನು ತಿಂದು ಹಾಕುತ್ತದೆ, ಆಮೇಲೆ ರಿಪೇರಿ ಬಲು ಕಷ್ಟ. ಎಲ್ಲಿಂದ ಹೊರಟೆವೆಂದು ಗೊತ್ತಿರಲಿ ಅಂತ ಬಿಳಿ ಪೇಂಟಿನ ಚುಕ್ಕೆ ಇಟ್ಟೆ. ತಂತಿಗಳನ್ನು ಸ್ವಲ್ಪ ಸಡಿಲಿಸಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎಂಟನೇ ಒಂದು ಸುತ್ತು. ಮರದೊಳಗಿಂದ ಸಣ್ಣ ಕಿರುಗುಟ್ಟು ಬಂತು, ಆದರೆ ಕೀ ಎಲ್ಲೂ ಹಟ ಹಿಡಿಯಲಿಲ್ಲ. ಹಟ ಹಿಡಿದರೆ ಅಲ್ಲಿಗೇ ಬಿಡಬೇಕು, ಬಲ ಹಾಕಿದರೆ ಸರಳೇ ತುಂಡಾದೀತು. ಮತ್ತೆ ಶ್ರುತಿ ಮಾಡಿ ಅಳೆದರೆ 0.32. ರಾತ್ರಿಯಿಡೀ ಬಿಟ್ಟೆ, ಮರ ನಿಧಾನಕ್ಕೆ ಹೊಂದಿಕೊಳ್ಳಬೇಕಲ್ಲ. ಮರುದಿನ ಇನ್ನೊಂದು ಎಂಟನೇ ಸುತ್ತು. ಈಗ 0.24.

ಪ್ರತಿ ಫ್ರೆಟ್‌ನಲ್ಲೂ ಒತ್ತಿ ನುಡಿಸಿದೆ, ಎಲ್ಲೂ ಬಝ್ ಇಲ್ಲ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಗುಂಯ್‌ಗುಟ್ಟಿದ್ದರೆ ರಾಡ್ ಹೆಚ್ಚು ಬಿಗಿಯಾಗಿದೆಯೇ ಅಂತ ಮತ್ತೆ ನೋಡಬೇಕಿತ್ತು.

ಹನ್ನೆರಡನೇ ಫ್ರೆಟ್ ಮೇಲೆ ಎತ್ತರ ಈಗ 2.9. ರಾಡ್‌ನಿಂದ ಆಗುವುದು ಇಷ್ಟೇ. ಉಳಿದ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಗಳನ್ನು ಹೊತ್ತ ಪಟ್ಟಿ) ಉಜ್ಜಬೇಕು, ಹನ್ನೆರಡರಲ್ಲಿ 0.5 ಇಳಿಸಲು ಸ್ಯಾಡಲ್ ತಳದಿಂದ 1 ಮಿ.ಮೀ. ತೆಗೆಯಬೇಕು. ಅದಕ್ಕಿನ್ನೂ ಕೈ ಹಾಕಿಲ್ಲ. ಡಿಸೆಂಬರಿನಲ್ಲಿ ಘಟ್ಟದ ಕಡೆಯ ಒಣಗಾಳಿ ಶುರುವಾದರೆ ಹಲಗೆ ಇನ್ನಷ್ಟು ಇಳಿಯಬಹುದು, ಉಜ್ಜಿ ತೆಗೆದದ್ದನ್ನು ವಾಪಸ್ ಅಂಟಿಸಲು ಬರುವುದಿಲ್ಲ. ಮಡಗಾಂವ್‌ಗೆ ಹೋದಾಗ ಮೂಳೆಯ ಎರಡು ಸ್ಯಾಡಲ್ ತರುವ ಯೋಚನೆಯಿದೆ: ಒಂದು ಮಳೆಗಾಲಕ್ಕೆ ಕುಳ್ಳಗೆ, ಇನ್ನೊಂದು ಒಣಹವೆಗೆ ತುಸು ಎತ್ತರಕ್ಕೆ. ಅಲ್ಲಿಯವರೆಗೆ ಅವಳಿಗೆ ತೆಳು ತಂತಿಯ 11ರ ಸೆಟ್ ಹಾಕಿಕೊಡುತ್ತೇನೆ. ಎಳೆತ ಕಡಿಮೆಯಾಗುವುದರಿಂದ ರಿಲೀಫ್ ಮತ್ತೊಮ್ಮೆ ಅಳೆಯಬೇಕು.