ಸ್ಪೆರ್ಲಿಂಗ್ ಅಂದ್ರೆ ಯಾವ ಪೈಕಿ?

ಮದುವೆಯಾಗಿ ಒಂಬತ್ತು ವರ್ಷ ಆಯಿತು. ಊರಿಗೆ ಬಂದಾಗಲೆಲ್ಲ ಇದೇ ಪ್ರಶ್ನೆ. "ನಿನ್ನ ಹೆಸರಿನ ಪಕ್ಕ ಸ್ಪೆರ್ಲಿಂಗ್ ಅಂತ ಇದೆಯಲ್ಲ, ಹಾಗಂದ್ರೆ ಏನು?" ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಜರ್ಮನ್ ಭಾಷೆಯಲ್ಲಿ ಸ್ಪೆರ್ಲಿಂಗ್ ಅಂದರೆ ಗುಬ್ಬಿ. ಜರ್ಮನ್ನರ ಬಾಯಲ್ಲಿ ಶ್ಪೆರ್ಲಿಂಗ್. ಸೂರಿನ ಸಂದಿಯಲ್ಲಿ ಗೂಡು ಕಟ್ಟುವ ಅದೇ ಗುಬ್ಬಚ್ಚಿ. ಅದು ನನ್ನ ಗಂಡನ ಮನೆತನದ ಹೆಸರು.

ಅಷ್ಟಕ್ಕೇ ಯಾರೂ ಬಿಡುವುದಿಲ್ಲ. ಹೋದ ವರ್ಷ ತುಮಕೂರಿನಲ್ಲಿ ನೆಂಟರ ಗೃಹಪ್ರವೇಶ ಇತ್ತು. ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹಿರಿಯರಿಗೆ "ಗುಬ್ಬಿ ಅಂತ ಅರ್ಥ, ದೊಡ್ಡಪ್ಪ" ಅಂದೆ. ಅವರ ಮುಖ ಅರಳಿತು. "ಓ, ಗುಬ್ಬಿಯವರಾ? ಯಾರ ಮಗ?" ಹತ್ತಿರದಲ್ಲೇ ಇರುವ ನಮ್ಮ ಗುಬ್ಬಿ, ನಾಟಕದ ವೀರಣ್ಣನವರ ಗುಬ್ಬಿ! ಎದುರಿಗೇ ನನ್ನ ಗಂಡ ಕೆಂಪು ಗಡ್ಡಕ್ಕೆ ತುಪ್ಪ ಹತ್ತಿಸಿಕೊಂಡು ಹೋಳಿಗೆ ತಿನ್ನುತ್ತಿದ್ದ. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಆಮೇಲೆ ಅವರು ದನಿ ತಗ್ಗಿಸಿದರು. "ಅದ್ಸರಿ ಕಣಮ್ಮ, ಅವರಲ್ಲಿ ಗುಬ್ಬಿ ಅಂದ್ರೆ ಯಾವ ಪೈಕಿ?"

ನನಗೆ ಸಿಟ್ಟು ಬರುವುದು ಇಲ್ಲೇ. ಹೆಸರು ಕೇಳಿದ್ದು ಹೆಸರಿಗಾಗಿ ಅಲ್ಲ. ಅದನ್ನು ಕೆರೆದರೆ ಒಳಗೆ ಜಾತಿ ಕಾಣಿಸುತ್ತದೆ ಅಂತ. ಈ ಹೆಸರನ್ನು ಎಷ್ಟು ಕೆರೆದರೂ ಗುಬ್ಬಿಯೇ ಸಿಗುತ್ತದೆ. ಹಿಂದೆ ಜರ್ಮನಿಯ ಒಂದೊಂದು ಊರಲ್ಲೂ ಹಾನ್ಸ್ ಅನ್ನುವ ಹೆಸರಿನವರು ಹತ್ತಾರು ಜನ ಇದ್ದರು. ಯಾವ ಹಾನ್ಸ್ ಅಂತ ಗೊತ್ತಾಗಬೇಕಲ್ಲ? ಕುಳ್ಳಗೆ, ಚುರುಕಾಗಿ ಓಡಾಡುವವನನ್ನು ಗುಬ್ಬಿ ಅಂದರು. ಅಡ್ಡಹೆಸರು ಮಕ್ಕಳಿಗೆ, ಮೊಮ್ಮಕ್ಕಳಿಗೆ ಅಂಟಿಕೊಂಡಿತು. ಹುಂಜ ಹಾನ್ ಆಯಿತು, ಹದ್ದು ಆಡ್ಲರ್ ಆಯಿತು, ಮರಕುಟಿಗ ಸ್ಪೆಖ್ಟ್ ಆಯಿತು. ಸ್ಪೆರ್ಲಿಂಗ್‌ಗಳು ಕ್ರೈಸ್ತರಲ್ಲೂ ಇದ್ದಾರೆ, ಯಹೂದಿಗಳಲ್ಲೂ ಇದ್ದಾರೆ. ಆಸ್ಟ್ರಿಯದಲ್ಲಿ 1787ರಲ್ಲಿ, ಪ್ರಷ್ಯಾದಲ್ಲಿ 1812ರಲ್ಲಿ ಯಹೂದಿಗಳು ಖಾಯಂ ಮನೆತನದ ಹೆಸರು ಇಟ್ಟುಕೊಳ್ಳಲೇಬೇಕು ಅಂತ ಕಾನೂನು ಬಂತು. ಆಗ ಎಷ್ಟೋ ಮನೆಗಳಿಗೆ ಹಕ್ಕಿಯ ಹೆಸರು ಬಂತು.

"ಹಾಗಾದ್ರೆ ಸ್ಪೆರ್ಲಿಂಗ್‌ಗಳೆಲ್ಲ ನೆಂಟರೇ ಅಲ್ವಾ?" ಅಲ್ಲ. ಅಮೆರಿಕದಲ್ಲಿ ಜೀನ್ ಸ್ಪೆರ್ಲಿಂಗ್ ಇದ್ದಾರೆ. ಕ್ಲಿಂಟನ್ ಮತ್ತು ಒಬಾಮ ಇಬ್ಬರಿಗೂ ಆರ್ಥಿಕ ಸಲಹೆ ಕೊಟ್ಟವರು. ಜಾರ್ಜ್ ಸ್ಪೆರ್ಲಿಂಗ್ ಅನ್ನುವ ಮನೋವಿಜ್ಞಾನಿ 1960ರಲ್ಲಿ ಅಕ್ಷರಗಳನ್ನು ಕಣ್ಣು ಮಿಟುಕಿಸುವಷ್ಟು ಹೊತ್ತೂ ತೋರಿಸದೆ, ನೋಡಿದವರಿಗೆ ಎಷ್ಟು ನೆನಪಿರುತ್ತದೆ ಅಂತ ಪರೀಕ್ಷೆ ಮಾಡಿದರು. ನಮ್ಮ ಮದುವೆಗೆ ಈ ಇಬ್ಬರ ಕಡೆಯಿಂದ ಯಾರೂ ಬಂದಿರಲಿಲ್ಲ. ನೆಂಟರಾಗಿದ್ದರೆ ಕರೆಯುತ್ತಿರಲಿಲ್ಲವೇ?

"ಹದ್ದಿನ ಹೆಸರಾದರೂ ಆಗಿದ್ದರೆ ಚೆನ್ನಾಗಿತ್ತು" ಅಂದವರೂ ಇದ್ದಾರೆ. ಅವರು ಉಲ್ಮ್‌ಗೆ ಬರಲಿ. ಜರ್ಮನಿಯಲ್ಲಿ ನಾವಿರುವ ಊರು ಅದು. ಅಲ್ಲಿನ ಚರ್ಚಿನ ಗೋಪುರದ ಎತ್ತರ 161.5 ಮೀಟರ್. ಅದನ್ನು ಕಟ್ಟುವಾಗ ಜನ ಉದ್ದನೆಯ ತೊಲೆಯನ್ನು ಗಾಡಿಯ ಮೇಲೆ ಅಡ್ಡಡ್ಡ ಹೇರಿಕೊಂಡು ಬಂದರಂತೆ. ಊರ ಬಾಗಿಲಲ್ಲಿ ಗಾಡಿ ನುಗ್ಗಲಿಲ್ಲ. ಬಾಗಿಲನ್ನೇ ಕೆಡವೋಣ ಅಂತ ಹೊರಟಾಗ ಒಂದು ಗುಬ್ಬಿ ಹುಲ್ಲುಕಡ್ಡಿಯನ್ನು ಉದ್ದಕ್ಕೆ ತಿರುಗಿಸಿ ಗೂಡಿಗೆ ಸೇರಿಸುವುದು ಕಂಡಿತಂತೆ. ಇವತ್ತಿಗೂ ಆ ಚರ್ಚಿನ ಚಾವಣಿಯ ಮೇಲೆ ಕೂತಿರುವುದು ಗುಬ್ಬಿ. ಊರಿನ ಫುಟ್‌ಬಾಲ್ ತಂಡವನ್ನೂ ಜನ ಗುಬ್ಬಿಗಳು ಅಂತಲೇ ಕರೆಯುತ್ತಾರೆ. ಚಿಕ್ಕ ಹಕ್ಕಿ ಅಂತ ನಮ್ಮ ಹೆಸರನ್ನು ಯಾರೂ ತೆಗಳಬೇಡಿ.

ಇಷ್ಟೆಲ್ಲ ಕೇಳುವವರು, ಮದುವೆಗೆ ಮುಂಚೆ ನನ್ನ ಹೆಸರು ಏನಿತ್ತು ಅಂತ ಕೇಳುವುದಿಲ್ಲ. ನಮಗೆ ಮನೆತನದ ಹೆಸರೇ ಇರಲಿಲ್ಲ. ಇನಿಶಿಯಲ್ ಮಾತ್ರ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗಕ್ಕೆ ಅಪ್ಪನ ಹೆಸರು ತುಂಬಿದ್ದೆ. ಜರ್ಮನಿಗೆ ಹೋದ ಮೇಲೆ ನಾನು ಎಲ್ಲರಿಗೂ "ಫ್ರೌ ಶಿವಣ್ಣ". ಶ್ರೀಮತಿ ಶಿವಣ್ಣ! ಡಾಕ್ಟರ ಹತ್ತಿರ ಕಾಯುವಾಗ ಆ ಹೆಸರು ಕೂಗಿದರೆ, ಅಪ್ಪ ಬಂದಿದ್ದಾರೇನೋ ಅಂತ ಬಾಗಿಲ ಕಡೆ ನೋಡುತ್ತಿದ್ದೆ. ಮದುವೆಯಾದಾಗ ಅದನ್ನೇ ಉಳಿಸಿಕೊಳ್ಳಬಹುದಿತ್ತು. ಕಾನೂನಿನ ಅಡ್ಡಿ ಇರಲಿಲ್ಲ. ಬದಲಾಯಿಸಿದ್ದು ನಾನೇ. ಅದನ್ನು ಅಪ್ಪನಿಗೆ ಫೋನಲ್ಲಿ ಹೇಳುವಾಗ ಗಂಟಲು ಕಟ್ಟಿತ್ತು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಲ್ಲಿ ಗುಬ್ಬಿ ಇವೆಯೇನಮ್ಮ? ನಮ್ಮನೆ ಹತ್ರ ಈಗ ಬರೋದೇ ಇಲ್ಲ" ಅಂದರು.

ಇಷ್ಟು ವರ್ಷದಲ್ಲಿ ಇದನ್ನು ಕೇಳಿದವರು ಅವರೊಬ್ಬರೇ. ಇವೆ ಅಪ್ಪ. ಇಲ್ಲೂ ಕಡಿಮೆಯಾಗಿದ್ದವು. ಅದಕ್ಕೇ 2002ರಲ್ಲಿ ಗುಬ್ಬಿಯನ್ನು ಜರ್ಮನಿಯ ವರ್ಷದ ಹಕ್ಕಿ ಅಂತ ಆರಿಸಿದ್ದರು. ಹಳೆ ಮನೆ ರಿಪೇರಿ ಮಾಡುವಾಗ ಸೂರಿನ ಸಂದಿ ಮುಚ್ಚಿಬಿಡುತ್ತಾರೆ. ಮರಿಗಳಿಗೆ ತಿನ್ನಿಸಲು ಹುಳ ಸಿಗುವುದಿಲ್ಲ. ನಮ್ಮ ಮನೆಯ ಹೆಂಚಿನ ಕೆಳಗಿನ ಒಂದು ಸಂದಿಯನ್ನು ನಾವು ಮುಚ್ಚಿಸಿಲ್ಲ.

ಪ್ರತಿ ಮೇ ತಿಂಗಳಲ್ಲಿ ಇಲ್ಲಿ ಒಂದು ಗಂಟೆ ಕೂತು ತೋಟದ ಹಕ್ಕಿ ಎಣಿಸಿ, ಲೆಕ್ಕ ಕಳಿಸುವ ರೂಢಿ ಇದೆ. ನಾನು ಎಣಿಸಿ ಮೊದಲು ಅಪ್ಪನಿಗೆ ಫೋನ್ ಮಾಡುತ್ತೇನೆ. ಈ ಸಲ ಹದಿನಾಲ್ಕು. "ಹೋದ್ ಸಲಕ್ಕಿಂತ ಮೂರು ಜಾಸ್ತಿ" ಅಂದರು ಅಪ್ಪ. ಬರೆದಿಟ್ಟುಕೊಂಡಿದ್ದರು.