ಬಳ್ಳಾರಿಯ ಹುಲ್ಲು

ಬಳ್ಳಾರಿ ಅಂದ್ರೆ ಬಿಸಿಲು, ಕಲ್ಲು, ಜಾಲಿ, ಮೊದಲಿಂದಲೂ ಹೀಗೇ ಅಂತಾರೆ. ಬಿಸಿಲು, ಕಲ್ಲು ಸರಿ. ಆದರೆ ಬಳ್ಳಾರಿ ಜಾಲಿ ಅಮೆರಿಕದ ಕಡೆಯಿಂದ ಬಂದ ಗಿಡ. ಅದಕ್ಕೂ ಮುಂಚೆ ಇಲ್ಲಿ ಹುಲ್ಲಿತ್ತು.

ಕುಡತಿನಿಯ ಬೂದಿದಿಬ್ಬ ನೋಡಿದ್ದೀರಾ? ನವಶಿಲಾಯುಗದ ದನಗಾಹಿಗಳು ದೊಡ್ಡಿಯ ಸಗಣಿ ಒಟ್ಟಿ, ಮತ್ತೆ ಮತ್ತೆ ಸುಟ್ಟು ಆದದ್ದು ಅದು. ಸುಮಾರು 4,000 ವರ್ಷದ ಹಿಂದಿನ ಮಾತು. ಇಂಥ ದಿಬ್ಬಗಳಲ್ಲಿ ಕೆಲವು ಕಡೆ ಬೂದಿ ಬೆಂಕಿಯ ಕಾವಿಗೆ ಕರಗಿ, ತೂತು ತೂತಾದ ಗಟ್ಟಿ ಹೆಂಟೆಯಾಗಿ ಕೈಗೆ ಸಿಗುತ್ತದೆ. ಹಂಪಿ ಪಕ್ಕದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಅಂತಾರೆ. ಕಥೆ ಚೆನ್ನಾಗಿದೆ, ಆದರೆ ನನಗೆ ಸಗಣಿಯ ಲೆಕ್ಕವೇ ಜಾಸ್ತಿ ಇಷ್ಟ. ಅಷ್ಟು ಸಗಣಿ ಬೀಳಬೇಕಾದರೆ ಎಷ್ಟು ದನ ಇರಬೇಕು, ಅವಕ್ಕೆ ಎಷ್ಟು ಮೇವು ಬೇಕು!

ಆಮೇಲೆ ಸರ್ಕಾರಿ ಲೆಕ್ಕದಲ್ಲಿ ಹುಲ್ಲಿನ ಬಯಲು ಪಾಳು ಭೂಮಿಯಾಯಿತು. 1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಂತು. ಸಿರುಗುಪ್ಪ, ಗಂಗಾವತಿ ಕಡೆ ಭತ್ತ ತುಂಬಿತು. ಅನ್ನ ಉಣ್ಣುವವರು ಅದನ್ನು ಬೈಯೋ ಹಾಗಿಲ್ಲ ಬಿಡಿ. ಹುಲ್ಲು ಬಯಲನ್ನೇ ನಂಬಿದ ದೊಡ್ಡ ಹಕ್ಕಿ ಎರೆಭೂತಕ್ಕೆ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಮಾತ್ರ ಸಿರುಗುಪ್ಪದ ಎರೆ ನೆಲವೇ ಕರ್ನಾಟಕದ ಕೊನೆಯ ಆಸರೆಯಾಯಿತು.

ಇಷ್ಟಾದರೂ ಜೂನ್ ಬಂದರೆ ಸಾಕು, ಖಾಲಿ ಬಯಲು ಹುಡುಕಿಕೊಂಡು ಸಸಿ ಹಿಡಿದು ಹೊರಡ್ತಾರೆ. ರಸ್ತೆ ಬದಿಗೆ, ಊರೊಳಗೆ ನೆಡಿ, ಬಯಲನ್ನು ಕುರಿ, ತೋಳಗಳಿಗೆ ಬಿಡಿ ಅಂದ್ರೆ ನನ್ನನ್ನೇ ಪರಿಸರ ವಿರೋಧಿ ಅಂತಾರೆ!