ಜಾಲಿ ಗಿಡದ ಕೆಳಗೆ ರೊಟ್ಟಿ

ಸೆಪ್ಟೆಂಬರ್ 8 ಹತ್ತಿರ ಬಂತು ಅಂದರೆ ನಮ್ಮ ಮನೆಯಲ್ಲಿ ಹರಿಹರದ ಮಾತು ಶುರು. ದಾವಣಗೆರೆಯಿಂದ ಬರೀ 14 ಕಿಲೋಮೀಟರ್, ಬಸ್ಸಲ್ಲಿ ಕೂತು ಸುಧಾರಿಸಿಕೊಳ್ಳೋ ಹೊತ್ತಿಗೆ ಊರು ಬಂದಿರುತ್ತೆ. ಆದರೂ ಅಮ್ಮ ಹಿಂದಿನ ರಾತ್ರಿಯೇ ಚಿತ್ರಾನ್ನಕ್ಕೆ ನಿಂಬೆಹಣ್ಣು ಎಣಿಸಿ ಇಡುತ್ತಾಳೆ, ಕಾಶಿಗೆ ಹೊರಟವರ ಹಾಗೆ. ಅವತ್ತು ಯೇಸುಸ್ವಾಮಿಯ ತಾಯಿ ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೇನ ಪ್ರಾರ್ಥನೆ, ಆಮೇಲೆ ಅದೇ ತಾಯಿಗೆ ಆರೋಗ್ಯ ಮಾತೆ ಅಂತ ಹರಿಹರದ ಚರ್ಚಲ್ಲಿ ಹಬ್ಬ. ಬರೋರು ನಮ್ಮ ಕ್ರೈಸ್ತ ಜನ ಮಾತ್ರ ಅಲ್ಲ. ವಿಭೂತಿ ಹಚ್ಚಿದ ಅಜ್ಜಂದಿರು, ಅರಿಶಿನ ಕುಂಕುಮದ ಹೆಂಗಸರು, ಎಲ್ಲರೂ ಮೇಣದಬತ್ತಿ ಹಿಡಿದು ಒಂದೇ ಸಾಲಲ್ಲಿ ನಿಂತಿರುತ್ತಾರೆ. ಹರಿ ಹರ ಇಬ್ಬರೂ ಒಂದೇ ಮೂರ್ತಿಯಲ್ಲಿ ನಿಂತಿರೋ ಊರು ಅದು, ಅಲ್ಲಿ ಇದೇನು ದೊಡ್ಡ ಆಶ್ಚರ್ಯ ಅಲ್ಲ ಬಿಡಿ.

ಅಮ್ಮನಿಗೆ ಮಂಡಿ ನೋವು. ಒಮ್ಮೆ ಇದೇ ಮಾತೆಯ ತಮಿಳುನಾಡಿನ ಕ್ಷೇತ್ರ ವೇಲಾಂಕಣ್ಣಿಗೆ ಹೋದಾಗ ಕಾಲಿನ ಆಕಾರದ ಪುಟ್ಟ ತಗಡು ಕೊಂಡು ಹರಕೆ ಒಪ್ಪಿಸಿದ್ದಳು. ಅಲ್ಲಿನ ಅಂಗಡಿಗಳಲ್ಲಿ ಕಣ್ಣು, ಕೈ, ಮನೆ, ತೊಟ್ಟಿಲು, ಹೀಗೆ ಬೇಕಾದ ಆಕಾರ ಸಿಗುತ್ತೆ. ಹೃದಯವೂ ಸಿಗುತ್ತೆ, ಆದರೆ ಅದನ್ನು ಕೊಳ್ಳೋರು ಹಾರ್ಟ್ ಆಪರೇಷನ್ ಆದವರು. ಮನಸ್ಸು ಮುರಿದವರಿಗೆ ಅಂತ ಒಂದು ತಗಡು ನಾನು ಕಾಣಲಿಲ್ಲ. ತೊಟ್ಟಿಲು ಕೊಡೋದು ಮಗು ಬೇಕು ಅಂತ ಕೇಳೋರು. ತೊಟ್ಟಿಲಿಗೆ ಬರೋ ಮೊದಲೇ ಹೋದ ಮಗುವಿನ ತಾಯಿ ಏನು ಕೊಡಬೇಕು?

ಮೂರು ವರ್ಷದ ಹಿಂದೆ, ಏಳನೇ ತಿಂಗಳಲ್ಲಿ, ನನ್ನ ಮಗು ಹೊಟ್ಟೆಯಲ್ಲೇ ತೀರಿಕೊಂಡಿತು. ಹೆಣ್ಣು ಮಗು. ಅದರ ಬಗ್ಗೆ ಇಷ್ಟೇ ಬರೆಯೋಕೆ ಆಗೋದು.

ಮನೆಗೆ ಬಂದವರು ಒಳ್ಳೆಯವರೇ. "ದೇವರ ಚಿತ್ತ ಕಣಮ್ಮ" ಅಂದರು. "ವಯಸ್ಸಿದೆ, ಇನ್ನೊಂದು ಆಗುತ್ತೆ" ಅಂದರು. "ದೇವರಿಗೆ ಒಂದು ಸಮ್ಮನಸ್ಸು ಬೇಕಿತ್ತು, ಅದಕ್ಕೇ ಕರಕೊಂಡ" ಅಂದರು. ದೇವರಿಗೆ ಸಮ್ಮನಸ್ಸುಗಳ, ಅಂದರೆ ದೇವದೂತರ, ಕೊರತೆ ಇತ್ತಾ ಅಂತ ನನಗೆ ಸಿಟ್ಟು ನೆತ್ತಿಗೇರಿತು. ಪ್ರಾರ್ಥನಾ ಕೂಟದ ಒಬ್ಬರಂತೂ "ವಿಶ್ವಾಸ ಜಾಸ್ತಿ ಮಾಡಿಕೋ, ವಿಶ್ವಾಸ ಇರೋರು ಅಳಲ್ಲ" ಅಂತ ಹೇಳಿ ಹೋದರು. ಅವತ್ತಿನಿಂದ ನಾನು ಎಲ್ಲರೆದುರು ಅಳೋದು ಬಿಟ್ಟೆ. ಬಚ್ಚಲುಮನೆಯಲ್ಲಿ ನಲ್ಲಿ ಜೋರಾಗಿ ತಿರುಗಿಸಿ ಅಳುತ್ತಿದ್ದೆ. ಭಾನುವಾರ ಪೂಜೆಗೆ ಹೋದರೆ ಗಾಯನ ವೃಂದದ ಜೊತೆ ನಿಲ್ಲದೆ ಕೊನೇ ಬೆಂಚಲ್ಲಿ ಕೂರುತ್ತಿದ್ದೆ. ಹಾಡೋಕೆ ಬಾಯಿ ತೆರೆದರೆ ಏನು ಹೊರಗೆ ಬರುತ್ತೋ ಅನ್ನೋ ಭಯ.

ಆಗ ಬಂದವಳು ನಮ್ಮ ಸೋದರತ್ತೆ. ಚಿತ್ರದುರ್ಗದ ಕಡೆಯ ಹಳ್ಳಿಯವಳು, ಓದು ಬರಹ ಅಷ್ಟಕ್ಕಷ್ಟೆ. ಬಂದವಳು ಒಂದೂ ಬೈಬಲ್ ಮಾತು ಹೇಳಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ ಜೋಳದ ಹಿಟ್ಟು ಕಲಸಿದಳು. ಮಲಗಿದ್ದಲ್ಲಿಗೇ ಆ ಸದ್ದು ಕೇಳುತ್ತಿತ್ತು, ಪಟ ಪಟ ಪಟ, ರೊಟ್ಟಿ ತಟ್ಟೋ ಸದ್ದು. ಹಂಚಿನಿಂದ ತೆಗೆದು ನೇರ ಉರಿಗೆ ಹಿಡಿದಾಗ ಅಂಚು ಸ್ವಲ್ಪ ಕರಿ ಹತ್ತಿದ ವಾಸನೆ. ತಟ್ಟೆ ತಂದು ನನ್ನ ಪಕ್ಕ ಇಟ್ಟು, "ಏಳವ್ವ, ಒಂದು ತುತ್ತು ತಿನ್ನು, ಆಮ್ಯಾಕೆ ಮಲಗುವಂತಿ" ಅಂದಳು. ತಿಂದೆ. ಮಲಗಿದೆ. ಸಂಜೆ ಮತ್ತೆ ಎಬ್ಬಿಸಿ ಮತ್ತೆ ಅದೇ ರೊಟ್ಟಿ. ನಾನು ಅಳುವಾಗ ಸೆರಗಲ್ಲಿ ಮುಖ ಒರೆಸಿ ಸುಮ್ನೆ ಕೂತಿರುತ್ತಿದ್ದಳು. ಹತ್ತು ದಿನ ಇದ್ದಳು.

ಎಷ್ಟೋ ತಿಂಗಳು ಕಳೆದ ಮೇಲೆ ಬೈಬಲಲ್ಲಿ ಪ್ರವಾದಿ ಎಲೀಯನ ಕಥೆ ಓದುವಾಗ ಮೈ ಜುಂ ಅಂತು. ಅರಸುಗಳ ಮೊದಲ ಗ್ರಂಥ, 19ನೇ ಅಧ್ಯಾಯ. ಬೆಂಕಿ ಇಳಿಸಿದ ದೊಡ್ಡ ಪ್ರವಾದಿ ಆತ. ರಾಣಿ ಈಜೆಬೆಲಳಿಗೆ ಹೆದರಿ ಓಡಿ ಹೋಗಿ, ಅಡವಿಯಲ್ಲಿ ಒಂದು ಜಾಲಿ ಗಿಡದ ಕೆಳಗೆ ಕೂತು, ಸಾಕಪ್ಪ ಸಾಕು, ನನ್ನ ಪ್ರಾಣ ತಗೋ ಅಂತ ದೇವರನ್ನು ಕೇಳುತ್ತಾನೆ. ಜಾಲಿ ಗಿಡ ನಮ್ಮ ಬಯಲುಸೀಮೆಯವರಿಗೆ ಹೇಳಿಕೊಡಬೇಕಾ? ನೆರಳೂ ಸರಿಯಾಗಿ ಕೊಡಲ್ಲ, ಕೂತರೆ ಮುಳ್ಳು. ಅಂಥ ಕಡೆ ಆ ಮನುಷ್ಯ ಸಾವು ಬೇಡಿ ಮಲಗಿದ್ದಾನೆ. ದೇವದೂತ ಬಂದು ವಿಶ್ವಾಸದ ಬಗ್ಗೆ ಪ್ರಸಂಗ ಮಾಡಬಹುದಿತ್ತು, ಬೈಯಬಹುದಿತ್ತು. ಅವನು ಮಾಡಿದ್ದೇನು? ಮೈ ಮುಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು ಎಬ್ಬಿಸಿದ, ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂದ. ಅಷ್ಟೇ. ದೇವರ ಜೊತೆ ಮಾತುಕತೆ ಆಮೇಲೆ, ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ. ಮೊದಲು ರೊಟ್ಟಿ, ನಿದ್ದೆ, ಮತ್ತೆ ರೊಟ್ಟಿ. ನಮ್ಮತ್ತೆ ಈ ಅಧ್ಯಾಯ ಓದಿರೋದು ಅನುಮಾನ.

ಇನ್ನೊಂದು ಕಡೆ ನಾನು ಪದೇ ಪದೇ ಹೋಗಿ ನಿಲ್ಲೋದು ಲಾಜರನ ಮನೆ ಮುಂದೆ. ಅವನು ಸತ್ತು ನಾಲ್ಕು ದಿನ ಆಗಿದೆ. ಅವನ ಅಕ್ಕ ಮಾರ್ತಳು ಓಡಿ ಬಂದು ಯೇಸುಸ್ವಾಮಿಗೆ ಹೇಳೋ ಮೊದಲ ಮಾತೇ, ಪ್ರಭು, ನೀವು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ. ಸ್ವಲ್ಪ ಹೊತ್ತಾದ ಮೇಲೆ ಅವಳ ತಂಗಿ ಮರಿಯಳೂ ಬಂದು ಅದೇ ಮಾತು ಹೇಳುತ್ತಾಳೆ. ಅಕ್ಕತಂಗಿಯರು ನಾಲ್ಕು ದಿನವೂ ಮನೆಯಲ್ಲಿ ಇದನ್ನೇ ಆಡಿಕೊಂಡಿರಬೇಕು, ಅಲ್ವಾ? ನನ್ನದೂ ಅದೇ ಮಾತು. ನೀನು ಆ ರಾತ್ರಿ ಎಲ್ಲಿದ್ದೆ ಸ್ವಾಮಿ? ಅವರು ಆ ಹೆಂಗಸರಿಗೆ ಇದು ಅವಿಶ್ವಾಸದ ಮಾತು, ಬಾಯಿ ಮುಚ್ಚಿ ಅನ್ನಲಿಲ್ಲ. ಮರಿಯಳು ಅಳೋದು ನೋಡಿ ಅವರೂ ಅತ್ತರು. ಇನ್ನು ಸ್ವಲ್ಪ ಹೊತ್ತಿಗೆ ಲಾಜರನನ್ನು ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ತರು. ವಿಶ್ವಾಸ ಇರೋರು ಅಳಲ್ಲ ಅಂದವರಿಗೆ ಇದನ್ನು ತೋರಿಸಬೇಕು ಅಂತ ಬಹಳ ದಿನ ಕಾದಿದ್ದೆ. ಆಮೇಲೆ ಅವರು ಸಿಕ್ಕಾಗ ಕಾಫಿ ಕೊಟ್ಟು ಕಳಿಸಿದೆ.

ಆ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ, ಫಾದರ್ ಮುಂದೆ ತಪ್ಪು ಒಪ್ಪಿಕೊಳ್ಳೋ ಪಾಪನಿವೇದನೆಗೆ ಹೋದೆ. ದೇವರ ಮೇಲೆ ಸಿಟ್ಟಿದೆ ಫಾದರ್ ಅಂದೆ. ಅವರು, ಅದನ್ನೇ ಪ್ರಾರ್ಥನೆ ಮಾಡಿ ಹೇಳಮ್ಮ, ಬೈಬಲಿನ ಕೀರ್ತನೆ 88 ಓದು ಅಂದರು. ಓದಿ ದಂಗಾದೆ. ಬೇರೆ ಗೋಳಿನ ಕೀರ್ತನೆಗಳೆಲ್ಲ ಸಾಮಾನ್ಯವಾಗಿ ಕೊನೆಗೆ ಸ್ತುತಿಗೆ ತಿರುಗುತ್ತವೆ, ಇದು ತಿರುಗೋದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತೆ. ಅದನ್ನೂ ಪವಿತ್ರ ಗ್ರಂಥದಲ್ಲಿ ಇಟ್ಟಿದ್ದಾರೆ. ಫಾದರ್ ಇನ್ನೊಂದು ಮಾತು ಕೇಳಿದರು, ನಿದ್ದೆ ಬರುತ್ತಾ ಅಂತ. ಇಲ್ಲ ಅಂದೆ. ಹಾಗಾದರೆ ನಾಳೆಯೇ ಡಾಕ್ಟರ್ ಹತ್ತಿರ ಹೋಗು ಅಂದರು.

ಹೋದೆ. ಮನಸ್ಸಿನ ಡಾಕ್ಟರ್ ಹತ್ತಿರ ಹೋಗೋಕೆ ಓಣಿಯವರ ಕಣ್ಣು ತಪ್ಪಿಸಿ ದೂಪಟ್ಟ ಮುಚ್ಚಿಕೊಂಡು ಹೋಗಿದ್ದು ನೆನೆಸಿದರೆ ಈಗ ನಗು ಬರುತ್ತೆ. ಎಂಟು ತಿಂಗಳು ಮಾತ್ರೆ ತಗೊಂಡೆ, ವಾರಕ್ಕೊಮ್ಮೆ ಮಾತಾಡಿಸುತ್ತಿದ್ದರು. ಮಾತ್ರೆ ನುಂಗಿದರೆ ವಿಶ್ವಾಸ ಕಡಿಮೆ ಅಂತ ಅನ್ನೋರು ನಮ್ಮಲ್ಲಿ ಇದ್ದಾರೆ. ಅವರು ನಮ್ಮ ಬೈಬಲಿನ ಸಿರಾಖನ ಗ್ರಂಥ 38ನೇ ಅಧ್ಯಾಯ ನೋಡಲಿ, ವೈದ್ಯನಿಗೆ ಗೌರವ ಕೊಡು, ಔಷಧಿಯನ್ನು ಮಣ್ಣಿನಿಂದ ಬರಿಸಿದ್ದು ದೇವರೇ ಅಂತ ಅಲ್ಲಿದೆ. ಶುಭಸಂದೇಶ ಬರೆದ ಸಂತ ಲೂಕರೂ ವೈದ್ಯರೇ. ಓಣಿಯವರ ಕಣ್ಣಿಗೆ ಹೆದರೋರು 14416ಕ್ಕೆ ಫೋನ್ ಮಾಡಬಹುದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈ ಸಲದ ಹಬ್ಬಕ್ಕೆ ಅತ್ತೆಯನ್ನೂ ಕರಕೊಂಡು ಹೋದೆವು. ಬ್ಯಾಗಲ್ಲಿ ಒಂದು ಟೋಪಿ ಇಟ್ಟುಕೊಂಡಿದ್ದೆ. ಹಳದಿ ಉಲ್ಲನ್, ನಾನೇ ಹೆಣೆದದ್ದು, ನನ್ನ ಮುಷ್ಟಿಯಷ್ಟು ಇದೆ, ಅಂಚಲ್ಲಿ ಒಂದು ಕಡೆ ಹೊಲಿಗೆ ತಪ್ಪಿದೆ. ಇದನ್ನೇ ಮಾತೆಯ ಪಾದದ ಹತ್ತಿರ ಬಿಟ್ಟು ಬಂದುಬಿಡೋಣ, ಹರಕೆಯೂ ಮುಗೀತು, ನೋವೂ ಮುಗೀತು ಅಂತ ಲೆಕ್ಕ ಹಾಕಿದ್ದೆ. ಮೇಣದಬತ್ತಿ ಹಚ್ಚೋ ಜಾಗದಲ್ಲಿ ಝಳ ಮುಖಕ್ಕೆ ಹೊಡೆಯುತ್ತಿತ್ತು. ನಾನು ಇಟ್ಟ ಬತ್ತಿ ಪಕ್ಕದ್ದಕ್ಕೆ ಅಂಟಿಕೊಂಡು ಎರಡೂ ಒಟ್ಟಿಗೆ ಬಾಗಿ ಕರಗಿದವು. ಪಕ್ಕದ್ದು ಯಾರದೋ.

ಸಾಲು ಮುಂದೆ ಹೋಗುವಾಗ, ಗಾಯದ ಗುರುತು ನೋಡದೆ ನಂಬಲ್ಲ ಅಂದ ಶಿಷ್ಯ ತೋಮನ ನೆನಪಾಯಿತು. ಸಾವನ್ನೇ ಗೆದ್ದು ಎದ್ದು ಬಂದ ಯೇಸುಸ್ವಾಮಿಯ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತು. ಅಳಿಸಿಕೊಂಡು ಬರೋಕೆ ಅವರಿಗೆ ಕಷ್ಟವಿತ್ತಾ? ಆ ಗುರುತು ನೋಡಿಯೇ ಶಿಷ್ಯರು ಅವರೇ ಅಂತ ಗುರುತು ಹಿಡಿದಿದ್ದು. ಮತ್ತೆ ಈ ಹಬ್ಬ ಆಗಿ ಸರಿಯಾಗಿ ಒಂದು ವಾರಕ್ಕೆ, ಸೆಪ್ಟೆಂಬರ್ 15ಕ್ಕೆ, ವ್ಯಾಕುಲ ಮಾತೆಯ ಹಬ್ಬ. ಆರೋಗ್ಯ ಮಾತೆ ಅಂತ ಕೈಮುಗಿದ ತಾಯಿಯೇ, ಸತ್ತ ಮಗನನ್ನು ತೊಡೆ ಮೇಲೆ ಮಲಗಿಸಿಕೊಂಡವಳು. ಇಬ್ಬರಲ್ಲ, ಒಬ್ಬಳೇ.

ಟೋಪಿ ಬ್ಯಾಗಿಂದ ತೆಗೆಯಲಿಲ್ಲ.

ಹೊರಗೆ ಅತ್ತೆ ಚಪ್ಪಲಿ ಕಾಯುತ್ತಾ ಕೂತಿದ್ದಳು. "ಕೊಟ್ಟು ಬಂದೆಯಾ?" ಅಂದಳು. ಇಲ್ಲ ಅಂದೆ. "ಬಿಡು, ಇಟ್ಕೋ" ಅಂತ ಹೇಳಿ, ಚಿತ್ರಾನ್ನದ ಡಬ್ಬಿ ನನ್ನ ಕಡೆ ತಳ್ಳಿದಳು.